ಆಕೆ ಬಾರದ ದಿನ ಯಾರು?

ಬೆಳಗಾವಿ, ಖಾನಾಪುರ ಸೀಮೆಯ ಎಷ್ಟೋ ಅಡುಗೆಮನೆಗಳ ಗೋಡೆಗೆ ಒಂದು ಕಾಲನಿರ್ಣಯ ಕ್ಯಾಲೆಂಡರ್ ತೂಗುತ್ತಿರುತ್ತದೆ. ಹಾಲು ಎಷ್ಟು ಲೀಟರ್ ಬಂತು, ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು, ಸಂಕಷ್ಟಿ ಯಾವಾಗ, ಎಲ್ಲಕ್ಕೂ ಅದೇ ಲೆಕ್ಕದ ಪುಸ್ತಕ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯಲ್ಲಿ ಆ ಚೌಕಗಳೊಳಗೆ ಇನ್ನೊಂದು ಗುರುತು ಸೇರುತ್ತದೆ. ಅವರನ್ನು ನೋಡಿಕೊಳ್ಳುವ ಹೆಣ್ಣುಮಗಳು ಬಾರದ ದಿನಕ್ಕೊಂದು ಕೆಂಪು ಗೀಟು. ಮರಾಠಿ ಬೆರೆತ ಇಲ್ಲಿನ ಮಾತಿನಲ್ಲಿ ಅದಕ್ಕೆ ಖಾಡಾ ಎನ್ನುತ್ತಾರೆ. ತಿಂಗಳ ಕೊನೆಗೆ ಖಾಡಾ ಎಣಿಸಿ ಪಗಾರದಲ್ಲಿ ಕಳೆದುಬಿಟ್ಟರೆ ಲೆಕ್ಕ ಸರಿಹೋಯಿತು ಎಂದುಕೊಳ್ಳುತ್ತೇವೆ. ಕಳೆದ ದುಡ್ಡು ಆ ದಿನ ಹಾಸಿಗೆಯಲ್ಲಿದ್ದವರ ಮಗ್ಗುಲು ಬದಲಿಸಿರುವುದಿಲ್ಲ, ಒದ್ದೆ ಬಟ್ಟೆ ತೆಗೆದಿರುವುದಿಲ್ಲ, ಎರಡು ಚಮಚ ಗಂಜಿ ಕುಡಿಸಿರುವುದೂ ಇಲ್ಲ. ಗೀಟು ಬೀಳುವುದು ದಿನ ಕಳೆದ ಮೇಲೆ. ಹಿರಿಯರ ಆರೈಕೆಗೆ ಬರುವವರು ನೆಟ್ಟಗೆ ಬರುವುದಿಲ್ಲ, ಬಂದವರು ನಿಲ್ಲುವುದಿಲ್ಲ ಎಂಬ ದೂರು ಇಂದು ಬೆಳಗಾವಿಯ ಬಡಾವಣೆಗಳಿಂದ ಹಿಡಿದು ನಂದಗಡದ ಓಣಿಗಳವರೆಗೆ ಒಂದೇ ದನಿಯಲ್ಲಿ ಕೇಳಿಸುತ್ತದೆ. ದೂರು ಸುಳ್ಳಲ್ಲ. ಆದರೆ ಅದರ ಬೇರನ್ನು ಆ ಹೆಣ್ಣುಮಕ್ಕಳ ನಡತೆಯಲ್ಲಿ ಹುಡುಕುವವರೆಗೆ ನಮಗೆ ಪರಿಹಾರ ಸಿಗಲಾರದು. ಬೇರು ಇರುವುದು ನಾವು ಮಾಡಿಕೊಂಡ ಏರ್ಪಾಡಿನಲ್ಲಿ. ಬಾರದ ದಿನವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದ ಏರ್ಪಾಡು ಬರುವ ದಿನದ ಭರವಸೆಯನ್ನೂ ಕೊಡಲಾರದು.

ಸರಳ ಗಣಿತದಿಂದ ಶುರು ಮಾಡೋಣ. ವಾರಕ್ಕೆ 168 ಗಂಟೆ. ಪೂರ್ತಿ ಹಾಸಿಗೆ ಹಿಡಿದವರಿಗೆ ಇಷ್ಟೂ ಗಂಟೆ ಹತ್ತಿರದಲ್ಲಿ ಯಾರಾದರೂ ಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ನಮ್ಮ ದೇಶದಲ್ಲಿ ಒಬ್ಬ ಕಾರ್ಮಿಕನ ವಾರದ ದುಡಿಮೆಯ ಮಿತಿ 48 ಗಂಟೆ. ಅಂದರೆ ಒಂದು ಯಂತ್ರವನ್ನು ಹಗಲೂ ರಾತ್ರಿ ಕಾಯಬೇಕಾದ ಕಾರ್ಖಾನೆ ಆ ಒಂದೇ ಯಂತ್ರಕ್ಕೆ ಮೂರೂವರೆ ಆಳು ಇಡಬೇಕು. ತಾಯಿಯನ್ನೋ ತಂದೆಯನ್ನೋ ಕಾಯುವುದಕ್ಕೆ ನಾವು ಇಡುವುದು ಒಬ್ಬರನ್ನು. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ವಾರದ ಏಳೂ ದಿನ ಎಂದರೆ 84 ಗಂಟೆ. ರಜೆಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಕಾರ್ಖಾನೆಯ ಕಾರ್ಮಿಕನಿಗೆ ವರ್ಷಕ್ಕೆ 52 ವಾರದ ರಜೆ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಂತೆ ಇನ್ನೂ 10 ದಿನ. ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಗಳಿಕೆ ರಜೆ ಸುಮಾರು 15 ದಿನ. ಒಟ್ಟು 77. ಕಾಯಿಲೆ, ಸಾವು, ಮದುವೆ ಇದಕ್ಕೆ ಸೇರಿಲ್ಲ. ಕಾನೂನೇ ಒಪ್ಪಿದಂತೆ ಪ್ರಾಮಾಣಿಕ ಕೆಲಸಗಾರನೊಬ್ಬ ವರ್ಷಕ್ಕೆ ಎರಡೂವರೆ ತಿಂಗಳು ಕೆಲಸಕ್ಕೆ ಬರುವುದಿಲ್ಲ, ಅದನ್ನು ಯಾರೂ ಕೈಕೊಟ್ಟ ಎನ್ನುವುದಿಲ್ಲ. ನಮ್ಮ ಮನೆಯ ಹೆಣ್ಣುಮಗಳು ತಿಂಗಳಿಗೆ ನಾಲ್ಕು ದಿನ ಬಾರದಿದ್ದರೆ ವರ್ಷಕ್ಕೆ 48 ಆಗುತ್ತದೆ. ಕಾರ್ಖಾನೆಯ ಅಳತೆಯಲ್ಲಿ ನೋಡಿದರೆ ಆಕೆ ಅತ್ಯಂತ ನಿಯತ್ತಿನ ಕೆಲಸಗಾರ್ತಿ. ವ್ಯತ್ಯಾಸ ಇಷ್ಟೇ, ಕಾರ್ಖಾನೆಗೆ ಯಾವ ದಿನ ಯಾರು ಬರುವುದಿಲ್ಲ ಎಂಬುದು ಮೊದಲೇ ಗೊತ್ತಿರುತ್ತದೆ, ಅವತ್ತಿಗೆ ಬದಲಿ ಇರುತ್ತದೆ. ನಮಗೆ ಗೊತ್ತಾಗುವುದು ಬೆಳಿಗ್ಗೆ ಎಂಟೂಕಾಲಿಗೆ, ಫೋನ್ ಸ್ವಿಚ್ ಆಫ್ ಆಗಿದೆ ಎಂದಾಗ.

ಆಕೆ ಬಾರದ ಒಂದು ಹಗಲು ಹಾಸಿಗೆಯ ಪಕ್ಕದಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಲಕ್ವಾ ಹೊಡೆದೋ ಸೊಂಟದ ಮೂಳೆ ಮುರಿದೋ ಮಲಗಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಬೇಕು ಎನ್ನುವುದು ಆಸ್ಪತ್ರೆಯ ವಾರ್ಡುಗಳ ರೂಢಿಯ ನಿಯಮ. ಹಗಲು ಆರು, ರಾತ್ರಿ ಆರು, ಒಟ್ಟು ಹನ್ನೆರಡು ಸಲ. ಬಲ್ಲವಳು ಈ ಕೆಲಸವನ್ನು ತೋಳು ಹಿಡಿದು ಜಗ್ಗಿ ಮಾಡುವುದಿಲ್ಲ. ಬೆನ್ನಿನಿಂದ ತೊಡೆಯವರೆಗೆ ಅಡ್ಡಲಾಗಿ ಹಾಸಿದ, ಎರಡು ಮಡಿಕೆಯ ಹಳೆಯ ಹತ್ತಿ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡು, ತನ್ನ ಮೊಣಕಾಲನ್ನು ಮಂಚದ ಪಟ್ಟಿಗೆ ಊರಿ, ಮಲಗಿದವರ ಆಚೆ ಕಡೆಯ ಮಂಡಿಯನ್ನು ಮೊದಲು ಮಡಿಸಿ, ಆಮೇಲೆ ಬಟ್ಟೆಯ ಸಮೇತ ಮೈಯನ್ನು ತನ್ನ ಕಡೆಗೆ ಹೊರಳಿಸುತ್ತಾಳೆ. ಬೆನ್ನಿಗೆ ಮಡಿಸಿದ ಕೌದಿ ಆನಿಸಿ, ಎರಡು ಮೊಣಕಾಲಿನ ನಡುವೆ ತಲೆದಿಂಬು ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೊಂದು ಸುರುಳಿ ಕೊಡುತ್ತಾಳೆ. ಬೆನ್ನಿನ ತುದಿಯ ಮೂಳೆಯ ಮೇಲಿನ ಚರ್ಮ ಕೆಂಪಗಾಗಿದೆಯೇ, ಒತ್ತಿದರೆ ಕೆಂಪು ಮಾಯುತ್ತದೆಯೇ ಎಂದು ಬೆರಳಿನಿಂದ ನೋಡುತ್ತಾಳೆ. ಒತ್ತಿದರೂ ಮಾಯದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಸೂಚನೆ. ಆಕೆ ಬಾರದ ಹಗಲಿನಲ್ಲಿ ಈ ಆರು ಸಲದಲ್ಲಿ ಎಪ್ಪತ್ತರ ಆಸುಪಾಸಿನ ಗಂಡನೋ ಹೆಂಡತಿಯೋ ಎರಡು ಸಲ ಮಾಡಿಯಾರು, ಅದೂ ತಮ್ಮ ಸೊಂಟ ಹಿಡಿಸಿಕೊಂಡು. ಒಂದೇ ದಿನದಲ್ಲಿ ಶುರುವಾದ ಹುಣ್ಣು ಮಾಯಲು ತಿಂಗಳುಗಳೇ ಬೇಕಾಗಬಹುದು. ಮರೆವಿನ ಕಾಯಿಲೆ ಇದ್ದವರ ಪಾಡು ಬೇರೆ. ಅವರಿಗೆ ಹೆಸರು, ದಿನ, ಊರು ಮರೆತರೂ ಪ್ರತಿದಿನ ಮೈ ತೊಳೆಯುವ ಕೈಯ ಪರಿಚಯ ಉಳಿದಿರುತ್ತದೆ. ಆ ಜಾಗದಲ್ಲಿ ಅಪರಿಚಿತ ಕೈ ಬಂದರೆ ಹೆದರುತ್ತಾರೆ, ಚೀರುತ್ತಾರೆ, ಹೊಡೆಯಲೂ ಬರುತ್ತಾರೆ. ಹಾಗಾಗಿ ಯಾರೋ ಒಬ್ಬರು ಬಂದರೆ ಸಾಕು ಎನ್ನುವ ಹಾಗೂ ಇಲ್ಲ.

ಇದು ಕೆಲವೇ ಮನೆಗಳ ಕಷ್ಟವೆಂದು ತಳ್ಳಿಹಾಕುವಂತಿಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ ಭಾರತದಲ್ಲಿ 60 ದಾಟಿದವರು ಸುಮಾರು 15 ಕೋಟಿ, ಅಂದರೆ ಜನಸಂಖ್ಯೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು. 2050ರ ಹೊತ್ತಿಗೆ ಅದು ನೂರಕ್ಕೆ ಇಪ್ಪತ್ತನ್ನು ದಾಟುತ್ತದೆ. ಕೇಂದ್ರ ಸರಕಾರವೇ 2017-18ರಲ್ಲಿ ಮಾಡಿಸಿದ, ಹಿರಿಯರ ಸ್ಥಿತಿಗತಿಯ ಲಾಸಿ ಸಮೀಕ್ಷೆಯಂತೆ ಇವರಲ್ಲಿ ಸುಮಾರು ಕಾಲುಭಾಗದ ಜನರಿಗೆ ಸ್ನಾನ, ಬಟ್ಟೆ, ಊಟ, ಶೌಚ, ಹಾಸಿಗೆಯಿಂದ ಏಳುವುದು, ನಡೆಯುವುದು ಇವುಗಳಲ್ಲಿ ಒಂದಾದರೂ ತೊಡಕು ಇದೆ. ನಮ್ಮ ಖಾನಾಪುರ ತಾಲ್ಲೂಕಿನ ಅಂಕಿ ಬೇರೆ ಬೇಕಿಲ್ಲ, ಒಂದು ಓಣಿಯಲ್ಲಿ ನಡೆದುಹೋದರೆ ಕಾಣುತ್ತದೆ.

ನಂದಗಡವನ್ನೇ ತೆಗೆದುಕೊಳ್ಳಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರಕ್ಕೆ ಮಕ್ಕಳಾಗಲಿ ಎಂದು ಜನ ತೊಟ್ಟಿಲು ಕಟ್ಟಿ ಹೋಗುತ್ತಾರೆ. ಹಾಗೆ ಬೇಡಿ ಪಡೆದ ಮಕ್ಕಳು ಬೆಳೆದು ಗೋವೆಗೋ ಪುಣೆಗೋ ಬೆಂಗಳೂರಿಗೋ ಹೋಗುತ್ತಾರೆ. ಖಾನಾಪುರ ತಾಲ್ಲೂಕಿನ ಬದುಕಿಗೆ ಗೋವೆಯ ದುಡಿಮೆ ಹೊಸದೇನಲ್ಲ. ಹಿಂದೆ ಉಳಿದ ತಂದೆತಾಯಿಯನ್ನು ನೋಡಿಕೊಳ್ಳಲು ಬರುವಾಕೆ ಯಾರು? ಸಾಮಾನ್ಯವಾಗಿ ಅದೇ ಊರಿನ ಅಥವಾ ಪಕ್ಕದ ಹಳ್ಳಿಯ, ನಲವತ್ತರ ಆಚೀಚಿನ, ಒಂದಿಷ್ಟು ಹೊಲವೋ ಕೂಲಿಯೋ ಇರುವ ಮನೆಯ ಹೆಣ್ಣುಮಗಳು. ಮಾವಶಿ ಎಂದೋ ಅಕ್ಕಾ ಎಂದೋ ಕರೆಸಿಕೊಳ್ಳುತ್ತಾಳೆ. ಆಕೆಯ ಕ್ಯಾಲೆಂಡರ್ ಮಳೆಯೊಂದಿಗೆ ಹೊರಳುತ್ತದೆ. ಈ ತಾಲ್ಲೂಕಿನ ಮುಖ್ಯ ಬೆಳೆ ಭತ್ತ. ಜೂನ್, ಜುಲೈಯಲ್ಲಿ ಬಿತ್ತನೆ, ನಾಟಿ, ಕಳೆ ಎಂದು ಹೆಣ್ಣಾಳಿಗೆ ಬೇಡಿಕೆ ಏರುತ್ತದೆ. ನವೆಂಬರಿನಲ್ಲಿ ಕೊಯ್ಲು, ಅದರ ಬೆನ್ನಿಗೇ ಕಬ್ಬಿನ ಹಂಗಾಮು. ನಡುವೆ ಗಣಪತಿ ಹಬ್ಬ. ಈ ಭಾಗದಲ್ಲಿ ಗೋವೆಗೆ ಹೋದವರೂ ಊರಿಗೆ ಮರಳುವ ದಿನಗಳು ಅವು, ಮನೆಯ ಹೆಂಗಸು ಹೊರಗೆ ದುಡಿಯಲು ಹೋಗುವುದು ಆಗದ ಮಾತು. ವರ್ಷಾನುಗಟ್ಟಲೆ ಅಂತರದ ಮೇಲೆ ಬರುವ ಲಕ್ಷ್ಮೀ ಜಾತ್ರೆ ಇದ್ದರಂತೂ ಹೇಳುವುದೇ ಬೇಡ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದರೆ ಹಳ್ಳಗಳು ತುಂಬಿ ಅರಣ್ಯದಂಚಿನ ಹಳ್ಳಿಗಳ ದಾರಿಯೇ ಮುಚ್ಚುತ್ತದೆ. 2024ರ ಜುಲೈಯಲ್ಲಿ ಭೀಮಗಡ ಕಾಡಿನೊಳಗಿನ ಆಮಗಾಂವದಿಂದ ರೋಗಿಯೊಬ್ಬರನ್ನು ಊರವರು ಮೈಲುಗಟ್ಟಲೆ ಹೆಗಲ ಮೇಲೆ ಹೊತ್ತು ಆಂಬುಲೆನ್ಸಿನ ತನಕ ತಂದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ರೋಗಿ ಹೊರಬರಲಾಗದ ದಾರಿಯಲ್ಲಿ ಆರೈಕೆಯಾಕೆ ಒಳಗೂ ಬರಲಾರಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿಂದಾಗಿ ಆಕೆಯ ಬಸ್ ಖರ್ಚು ಉಳಿದದ್ದು ನಿಜ. ಟಿಕೆಟ್ ಉಚಿತವಾದ ಮಾತ್ರಕ್ಕೆ ಬೆಳಗಿನ ಬಸ್ ಹೊತ್ತಿಗೆ ಸರಿಯಾಗಿ ಬರಬೇಕೆಂದೇನೂ ಇಲ್ಲವಲ್ಲ. ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಾವು ಹಠಾತ್ತನೆ ಆಯಿತು ಎನ್ನುವ ಗೈರುಹಾಜರಿಯಲ್ಲಿ ದೊಡ್ಡ ಪಾಲು ಹಠಾತ್ತಾದದ್ದಲ್ಲ. ನಾಟಿ ಯಾವಾಗ, ಚೌತಿ ಯಾವಾಗ, ಸುಗ್ಗಿ ಯಾವಾಗ ಎಂಬುದು ಆಕೆಗೂ ನಮಗೂ ಆರು ತಿಂಗಳು ಮೊದಲೇ ಗೊತ್ತು. ಕೇಳುವವರಿಲ್ಲ, ಆಕೆ ಹೇಳುವುದಿಲ್ಲ. ಹೇಳಿದರೆ ಬೇರೆಯವರನ್ನು ಇಟ್ಟುಕೊಂಡಾರು ಎಂಬ ಭಯ ಆಕೆಗೆ.

ಪಗಾರದ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ 2025-26ರಲ್ಲಿ ನಿಗದಿಯಾದ ದಿನಗೂಲಿ 370 ರೂಪಾಯಿ. ಯಾವ ಕೌಶಲವೂ ಬೇಡದ ಮಣ್ಣು ಕೆಲಸದ ದರ ಅದು. ಅದೇ ದರದಲ್ಲಿ 30 ದಿನಕ್ಕೆ 11,100 ಆಗುತ್ತದೆ. ಮೂತ್ರದ ನಳಿಗೆಯ ಚೀಲ ಖಾಲಿ ಮಾಡುವ, ಸಕ್ಕರೆ ಕಾಯಿಲೆಯ ಗುಳಿಗೆಯ ಹೊತ್ತು ತಪ್ಪಿಸದ, ಹುಣ್ಣಿನ ಕೆಂಪು ಗುರುತಿಸುವ ಕೈಗೆ ಇದಕ್ಕಿಂತ ಕಡಿಮೆ ಕೊಟ್ಟು ನಿಯತ್ತು ಬಯಸುವುದು ನ್ಯಾಯವಲ್ಲ. ಇನ್ನೊಂದು ಕಡೆಯನ್ನೂ ನೋಡಬೇಕು. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಹಿರಿಯರಿಗೆ ಸಿಗುವುದು ತಿಂಗಳಿಗೆ 1,200. ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿ ಮೊರೆಹೋಗಬಹುದಾದ 2007ರ ಪಾಲನೆ ಮತ್ತು ಪೋಷಣೆ ಕಾಯ್ದೆಯಲ್ಲಿ ನ್ಯಾಯಮಂಡಳಿ ಕೊಡಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000. ಅಂದರೆ ಕಾಯ್ದೆಯ ತುತ್ತತುದಿಯ ಮೊತ್ತವೂ ಒಬ್ಬ ಮಣ್ಣು ಹೊರುವ ಆಳಿನ ತಿಂಗಳ ಕೂಲಿಗೆ ಸಾಲುವುದಿಲ್ಲ. ಊಟ, ಔಷಧಿಯ ಮಾತು ಆಮೇಲಿನದು. 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಈ ಮಿತಿಯನ್ನು ತೆಗೆಯಲು ಹೊರಟಿತ್ತು. ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳ ನೋಂದಣಿಗೂ ಅದರಲ್ಲಿ ಅವಕಾಶವಿತ್ತು. ಅದು ಕಾಯ್ದೆಯಾಗಲೇ ಇಲ್ಲ.

ಇಲ್ಲಿ ಹಿರಿಯ ಓದುಗರು ಒಂದು ಮಾತು ಹೇಳುತ್ತಾರೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು, ಮನೆಯ ಸೊಸೆಯಂದಿರು ಮುದುಕರನ್ನು ನೋಡಲಿಲ್ಲವೇ, ದುಡ್ಡು ಕೊಟ್ಟು ಆರೈಕೆ ತರುವುದೇ ತಪ್ಪು ಎಂದು. ಈ ಮಾತಿನ ಹಿಂದಿನ ನೋವು ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಎರಡು ಸಂಗತಿ ಬದಲಾಗಿವೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಇಂದು 70ರ ಆಸುಪಾಸು. ಆಗಲೂ ಮುದುಕರಿದ್ದರು. ಲಕ್ವಾ ಹೊಡೆದ ಮೇಲೆ ಎಂಟು ವರ್ಷ, ಮರೆವು ಶುರುವಾದ ಮೇಲೆ ಹತ್ತು ವರ್ಷ ಹಾಸಿಗೆಯಲ್ಲಿ ಬದುಕುವವರು ಮಾತ್ರ ವಿರಳ. ಅಷ್ಟು ದೀರ್ಘಕಾಲದ ಆರೈಕೆಯನ್ನು ಅಂದಿನ ಕೂಡುಕುಟುಂಬ ಹೊತ್ತದ್ದು ಅಪರೂಪಕ್ಕೆ. ಎರಡನೆಯದು, ಅಂದು ಹೊತ್ತದ್ದು ಕುಟುಂಬ ಎನ್ನುತ್ತೇವಾದರೂ ನಿಜಕ್ಕೂ ಹೊತ್ತವರು ಮೂರು ನಾಲ್ಕು ಜನ ಹೆಂಗಸರು. ಅತ್ತಿಗೆ ತವರಿಗೆ ಹೋದರೆ ನೆಗೆಣ್ಣಿ, ಆಕೆ ಬಾಣಂತಿಯಾದರೆ ಮನೆಗೆ ಮರಳಿದ ವಿಧವೆ ಅತ್ತೆ. ಆ ಏರ್ಪಾಡಿಗೆ ಬದಲಿ ಇತ್ತು, ಅದಕ್ಕೇ ಅದು ನಡೆಯಿತು. ಅದರ ಬೆಲೆ ತೆತ್ತದ್ದು ಯಾರ ಲೆಕ್ಕಕ್ಕೂ ಬಾರದ ಆ ಹೆಂಗಸರು. ಇಂದಿಗೂ ಸ್ಥಿತಿ ಅಷ್ಟೇನೂ ಬೇರೆಯಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಕೂಲಿಯಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ತೊಡಗಿದ ಗಂಡಸರು ಕೊಟ್ಟದ್ದು 88. ಆರೈಕೆಯಾಕೆ ಬಾರದ ದಿನ ಆಫೀಸಿಗೆ ರಜೆ ಹಾಕುವವರು ಯಾರು ಎಂದು ಪ್ರತಿ ಮನೆಯೂ ತನ್ನನ್ನೇ ಕೇಳಿಕೊಳ್ಳಬಹುದು.

ಇನ್ನು ಕೆಲವರು, ಊರಿನ ಹೆಂಗಸರ ಗೊಡವೆಯೇ ಬೇಡ, ನಗರದ ಹೋಮ್ ನರ್ಸಿಂಗ್ ಬ್ಯೂರೋ ಇದೆಯಲ್ಲ, ಒಬ್ಬರು ಹೋದರೆ ಇನ್ನೊಬ್ಬರನ್ನು ಕಳಿಸುತ್ತಾರೆ ಎನ್ನುತ್ತಾರೆ. ಬೆಳಗಾವಿ ನಗರದೊಳಗೆ ಇದು ಸ್ವಲ್ಪಮಟ್ಟಿಗೆ ನಡೆಯುತ್ತದೆ. ಆದರೆ ಬ್ಯೂರೋ ಎಂಬುದು ಸಾಮಾನ್ಯವಾಗಿ ಹೆಸರುಗಳ ಪಟ್ಟಿ ಮತ್ತು ಒಂದು ಫೋನ್ ನಂಬರು. ಮನೆಯವರು ಕೊಟ್ಟದ್ದರಲ್ಲಿ ಒಂದು ಪಾಲು ಅಲ್ಲಿ ಉಳಿಯುತ್ತದೆ, ಕೆಲಸ ಮಾಡುವಾಕೆಗೆ ಸೂಟಿಯ ಹಕ್ಕು ಅಲ್ಲೂ ಇಲ್ಲ. ಬಂದ ಬದಲಿ ಹಿರಿಯರ ಕಣ್ಣಿಗೆ ಪ್ರತಿಸಲವೂ ಹೊಸ ಮುಖ. ಅವರ ನುಂಗುವ ತೊಂದರೆ, ರಾತ್ರಿ ಮೂರಕ್ಕೆ ಏಳುವ ಅಭ್ಯಾಸ, ಯಾವ ಕಿವಿ ಕೇಳಿಸುತ್ತದೆ ಎಂಬುದು ಆಕೆಗೆ ತಿಳಿಯುವ ಹೊತ್ತಿಗೆ ಆಕೆಯೂ ಹೊರಟಿರುತ್ತಾಳೆ. ಬಸ್ಸಿನಲ್ಲಿ ಗಂಟೆಗೂ ಮೀರಿದ ದಾರಿಯಾದ ನಂದಗಡಕ್ಕೆ ದಿನವೂ ನಗರದಿಂದ ಬಂದು ಹೋಗುವವರನ್ನು ನೆಚ್ಚಿಕೊಳ್ಳುವುದಂತೂ ಆಗದು. ಹಳ್ಳಿಯ ಆರೈಕೆಗೆ ಹಳ್ಳಿಯ ಕೈಗಳೇ ಬೇಕು.

ಹಾಗಾದರೆ ದಾರಿ ಯಾವುದು? ಒಬ್ಬರನ್ನು ಇಟ್ಟು ಆಕೆ ಸದಾ ಬರಲಿ ಎಂದು ಹಾರೈಸುವುದನ್ನು ಬಿಟ್ಟು, ಮೊದಲ ದಿನದಿಂದಲೇ ಪಾಳಿ ಕಟ್ಟಬೇಕು. ಪಾಳಿ ಎಂಬುದು ನಮಗೆ ಹೊರಗಿನಿಂದ ಬರಬೇಕಾದ ಮಾತಲ್ಲ. ಗುಡಿಯ ಪೂಜೆಗೆ ಪಾಳಿ ಇದೆ, ಕಾಲುವೆಯ ನೀರಿಗೆ ಪಾಳಿ ಇದೆ. ಮುಯ್ಯಾಳಿನ ಲೆಕ್ಕದಲ್ಲಿ ಇಂದು ನಿನ್ನ ಗದ್ದೆ, ನಾಳೆ ನನ್ನ ಗದ್ದೆ ಎಂದು ನಾಟಿ ಮುಗಿಸಿದ ಜನ ನಾವು. ಒಂದೇ ಓಣಿಯ ಅಥವಾ ಅಕ್ಕಪಕ್ಕದ ಮೂರು ಮನೆಗಳಲ್ಲಿ ಹಗಲಿನ ಆರೈಕೆ ಬೇಕಾಗಿದೆ ಎಂದುಕೊಳ್ಳಿ. ತಿಂಗಳಿಗೆ 90 ಹಗಲು. ಮೂವರಿಗೆ ಬದಲು ನಾಲ್ವರು ಹೆಣ್ಣುಮಕ್ಕಳು ಇದನ್ನು ಹಂಚಿಕೊಂಡರೆ ಒಬ್ಬೊಬ್ಬರಿಗೆ ಇಪ್ಪತ್ತೆರಡೂವರೆ ದಿನದ ಕೆಲಸ, ವಾರಕ್ಕೆ ಎರಡು ದಿನಕ್ಕೆ ಸ್ವಲ್ಪ ಕಡಿಮೆ ಸೂಟಿ. ಪ್ರತಿ ಮನೆಗೂ ಇಬ್ಬರು ಕಾಯಂ ಮುಖಗಳು, ಉಳಿದಿಬ್ಬರದ್ದೂ ಅಷ್ಟಿಷ್ಟು ಗುರುತು. ಒಬ್ಬಳು ನಾಟಿಗೆ ಹೋಗಬೇಕಾದರೆ ಉಳಿದ ಮೂವರು ಮೂರು ಮನೆ ಹಿಡಿಯುತ್ತಾರೆ. ಖರ್ಚನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೆಲಸದ ದಿನ ಕಡಿಮೆಯಾದರೂ ಆಕೆಯ ತಿಂಗಳ 11,100 ಇಳಿಯಬಾರದು ಎಂದಾದರೆ ದಿನಕ್ಕೆ ಸುಮಾರು 493 ಕೊಡಬೇಕು. ಪ್ರತಿ ಮನೆಯ ಪಾಲಿಗೆ ತಿಂಗಳಿಗೆ 3,700 ಹೆಚ್ಚು. ಸೂಟಿಯ ನಿಜವಾದ ಬೆಲೆ ಇದು. ಇದನ್ನು ಈಗಲೂ ಯಾರೋ ತೆರುತ್ತಿದ್ದಾರೆ. ಕೆಲವೊಮ್ಮೆ ಆಕೆ ತನ್ನ ಮೈಯಿಂದ, ಕೆಲವೊಮ್ಮೆ ಪುಣೆಯಿಂದ ರಾತ್ರಿ ಬಸ್ ಹಿಡಿದು ಬರುವ ಮಗ, ಹೆಚ್ಚು ಸಲ ಹಾಸಿಗೆಯಲ್ಲಿ ಇರುವವರೇ.

ಈ ಪಾಳಿಯನ್ನು ಕಟ್ಟುವ, ದುಡ್ಡಿನ ಲೆಕ್ಕ ಇಡುವ, ಜಗಳ ಬಂದರೆ ಬಗೆಹರಿಸುವ ಮೂರನೆಯ ಕೈ ಒಂದು ಬೇಕು. ಮನೆಯವರು ಮತ್ತು ಕೆಲಸದಾಕೆಯ ನಡುವೆ ನೇರ ವ್ಯವಹಾರ ಇದ್ದಾಗ ಒಂದು ಕಟುಮಾತಿಗೆ ಕೆಲಸ ಮುರಿದು ಬೀಳುತ್ತದೆ. ಸಂಜೀವಿನಿ ಯೋಜನೆಯ ಮಹಿಳಾ ಒಕ್ಕೂಟಗಳು ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ. ಎಷ್ಟೋ ಕಡೆ ಇವೇ ಒಕ್ಕೂಟಗಳು ಪಂಚಾಯಿತಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ ನಡೆಸುತ್ತಿವೆ, ಹೆಣ್ಣುಮಕ್ಕಳೇ ಗಾಡಿ ಓಡಿಸುತ್ತಿದ್ದಾರೆ. ಮನೆಮನೆಯ ಕಸವನ್ನು ದಿನ ತಪ್ಪದೆ ಒಯ್ಯಬಲ್ಲ ಒಕ್ಕೂಟ ಮನೆಮನೆಯ ಹಿರಿಯರನ್ನೂ ದಿನ ತಪ್ಪದೆ ನೋಡಬಲ್ಲದು, ತರಬೇತಿ ಮತ್ತು ಮೊದಲೆರಡು ವರ್ಷದ ಆಸರೆ ಸಿಕ್ಕರೆ. ಈ ಹೊರೆಯನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವ ಯೋಚನೆ ಯಾರಿಗಾದರೂ ಬಂದರೆ ಅದನ್ನು ಅಲ್ಲೇ ಕೈಬಿಡಬೇಕು. 2005ರಿಂದ ಸಾವಿರ ಜನಸಂಖ್ಯೆಗೊಬ್ಬರಂತೆ ದುಡಿಯುತ್ತಿರುವ ಅವರು ಸಂಬಳವೆನ್ನಲಾಗದ ಗೌರವಧನಕ್ಕಾಗಿ ಇಂದಿಗೂ ಬೀದಿಗೆ ಇಳಿಯಬೇಕಾಗಿದೆ.

ನೆರೆಯ ಕೇರಳದಲ್ಲಿ ಇದರ ಒಂದು ರೂಪ ನಡೆದು ತೋರಿಸಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ನೋವು ಶಮನ ಸಂಘದ ಕೆಲಸ ಮಲಪ್ಪುರಂ ಜಿಲ್ಲೆಯಲ್ಲಿ ಊರವರದ್ದೇ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಅದನ್ನೇ ನೀತಿ ಮಾಡಿ ಪಂಚಾಯಿತಿಗಳಿಗೆ ಹೊಣೆ ಕೊಟ್ಟಿತು. ಪಂಚಾಯಿತಿಯ ದುಡ್ಡಿನಲ್ಲಿ ತರಬೇತಿ ಪಡೆದ ನರ್ಸ್ ಜೀಪಿನಲ್ಲಿ ಮನೆಗೆ ಬಂದು ಹುಣ್ಣು ತೊಳೆದು, ನಳಿಗೆ ಬದಲಿಸಿ, ಮನೆಯವರಿಗೆ ಮಗ್ಗುಲು ಬದಲಿಸುವುದನ್ನು ಕಲಿಸಿ ಹೋಗುತ್ತಾರೆ. ಕಾಸರಗೋಡಿನ ಕನ್ನಡದ ಮನೆಗಳಿಗೂ ಈ ವ್ಯವಸ್ಥೆ ಅನ್ವಯ. ಹೊಸಗನ್ನಡದ ಮೊದಲ ಸಾಲಿನ ಕವಿ ಗೋವಿಂದ ಪೈಗಳ ಮಂಜೇಶ್ವರ ಸೀಮೆಯ ಮುದುಕಿಗೆ ಸಿಗಬಹುದಾದದ್ದು ರಾಯಣ್ಣನ ನಂದಗಡದ ಮುದುಕಿಗೆ ಏಕೆ ಸಿಗಬಾರದು? ಇದು ದಿನವಿಡೀ ಕೂರುವ ಆರೈಕೆಯಲ್ಲ, ಆಗಾಗ ಬಂದು ಹೋಗುವ ನೆರವು, ನಿಜ. ಆದರೆ ಹಾಗೆ ಬರುವ ನರ್ಸಿನ ಕಣ್ಣು ಇದ್ದರೆ ದಿನದ ಆರೈಕೆಯಾಕೆಗೂ ಧೈರ್ಯ, ತನ್ನ ಕೆಲಸವನ್ನು ಬಲ್ಲವರೊಬ್ಬರು ನೋಡುತ್ತಿದ್ದಾರೆ ಎಂಬ ಗೌರವ. ದುಡ್ಡು ಸುರಿದರೆ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. ಜಪಾನ್ 2000ದಲ್ಲೇ ದೀರ್ಘಾವಧಿ ಆರೈಕೆಗೆ ಕಡ್ಡಾಯ ವಿಮೆ ತಂದಿತು, 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಅಲ್ಲೂ ಆರೈಕೆ ಕೆಲಸಕ್ಕೆ ಜನ ಸಾಲದೆ ಹೊರದೇಶಗಳಿಂದ ಕರೆಸಿಕೊಳ್ಳುತ್ತಿದ್ದಾರೆ.

ನಂಬಿಕೆಯ ಪ್ರಶ್ನೆಯನ್ನು ದಾಟಿಹೋಗುವಂತಿಲ್ಲ. ನಾಲ್ಕು ಜನ ಮನೆಯೊಳಗೆ ಓಡಾಡಿದರೆ ಬಂಗಾರ, ಬೀಗದ ಕೈ, ಬ್ಯಾಂಕಿನ ಪುಸ್ತಕದ ಗತಿಯೇನು ಎಂಬ ಆತಂಕ ಸಹಜ. ಒಂಟಿ ಹಿರಿಯರು ಮೋಸ ಹೋದ ಪ್ರಕರಣಗಳು ಇವೆ. ಆದರೆ ಯಾರ ಕಣ್ಣಿಗೂ ಬೀಳದೆ ಒಬ್ಬಳೇ ಇರುವ ಮನೆಗಿಂತ, ನಾಲ್ವರು ಒಬ್ಬರಿಗೊಬ್ಬರು ಕೆಲಸ ಒಪ್ಪಿಸಿ ಹೋಗುವ ಮನೆ ಸುರಕ್ಷಿತ. ಮಂಚದ ಪಕ್ಕ ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಇರಲಿ. ಎಂಟಕ್ಕೆ ಎಡಮಗ್ಗುಲು, ಹತ್ತಕ್ಕೆ ಬಲಮಗ್ಗುಲು, ಹತ್ತೂವರೆಗೆ ಅರ್ಧ ಬಟ್ಟಲು ಗಂಜಿ, ಬಿ.ಪಿ. ಗುಳಿಗೆ ಕೊಟ್ಟಾಯಿತು, ಹಿಮ್ಮಡಿಯಲ್ಲಿ ಕೆಂಪು ಇಲ್ಲ. ಇಷ್ಟು ಬರೆದಿಟ್ಟರೆ ಮರುದಿನ ಬರುವಾಕೆಗೆ ಹೊಸದಾಗಿ ಶುರು ಮಾಡುವ ಕಷ್ಟವಿಲ್ಲ, ದೂರದಲ್ಲಿರುವ ಮಗಳಿಗೆ ಆ ಪುಟದ ಫೋಟೊ ವಾಟ್ಸ್ಆ್ಯಪಿನಲ್ಲಿ ಸಿಗುತ್ತದೆ. ಕನ್ನಡದಲ್ಲೋ ಮರಾಠಿಯಲ್ಲೋ, ಬರೆಯಲು ಬಾರದಿದ್ದರೆ ಗುರುತಿನಲ್ಲೋ. ಇನ್ನು, ಹೇಳಲು ಮುಜುಗರವಾದರೂ ಹೇಳಲೇಬೇಕಾದ ಮಾತೊಂದಿದೆ. ಮಲಮೂತ್ರ ತೊಳೆಯುವ ಕೈಗೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡದ, ಚಹಾಕ್ಕೆ ಬೇರೆ ಲೋಟ ಎತ್ತಿಡುವ, ಯಾವ ಜಾತಿ ಎಂದು ಮೊದಲು ಕೇಳುವ ಮನೆಗಳು ಇನ್ನೂ ಇವೆ. ಅಂಥ ಮನೆಗಳಲ್ಲಿ ಎಷ್ಟು ಪಗಾರ ಕೊಟ್ಟರೂ ಯಾರೂ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಆಕೆ ಬೇರೆ ಕಾರಣ ಹೇಳಿ ಬಿಟ್ಟುಹೋಗುತ್ತಾಳೆ, ನಾವು ಖಾಡಾ ಎಂದು ಗೀಟು ಹಾಕುತ್ತೇವೆ.

ಸರಕಾರ ಮಾಡಬೇಕಾದದ್ದು ಬಹಳವಿದೆ. ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್, ಓಡಾಡಲಾಗದವರಿಗೆ ಮನೆ ಭೇಟಿ ಎಲ್ಲವೂ ಕಾಗದದ ಮೇಲೆ ಇದೆ. ಅದನ್ನು ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಕೇಳಿ ಪಡೆಯುವುದು ಜನರ ಹಕ್ಕು. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ ನಮ್ಮದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮನೆಗೆಲಸದವರ ರಕ್ಷಣೆಗೆ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ಕರ್ನಾಟಕವೂ ಮನೆಗೆಲಸದವರ ಸಾಮಾಜಿಕ ಭದ್ರತೆಗೆ ಮಸೂದೆಯ ಕರಡು ಸಿದ್ಧಪಡಿಸಿತು. ಆ ಕಾನೂನಿನಲ್ಲಿ ಹಿರಿಯರ ಆರೈಕೆಯ ಕೆಲಸಕ್ಕೆ ವಾರದ ರಜೆ ಮತ್ತು ಬದಲಿಯ ಏರ್ಪಾಡು ಎರಡೂ ಸ್ಪಷ್ಟ ಪದಗಳಲ್ಲಿ ಸೇರಬೇಕು. ಒಂದಿಲ್ಲದೆ ಇನ್ನೊಂದಿದ್ದರೆ ಉಪಯೋಗವಿಲ್ಲ. ರಜೆ ಮಾತ್ರ ಕೊಟ್ಟರೆ ಹಾಸಿಗೆಯಲ್ಲಿರುವವರು ಬೀಳುತ್ತಾರೆ, ಬದಲಿ ಇಲ್ಲವೆಂದು ರಜೆ ನಿರಾಕರಿಸಿದರೆ ನೋಡಿಕೊಳ್ಳುವಾಕೆ ಬೀಳುತ್ತಾಳೆ.

ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ಈ ಭಾನುವಾರ ಗೋಡೆಯ ಕಾಲನಿರ್ಣಯವನ್ನು ಇಳಿಸಿ, ನಿಮ್ಮ ತಾಯಿಯನ್ನೋ ತಂದೆಯನ್ನೋ ನೋಡಿಕೊಳ್ಳುವ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಟಿ ಯಾವ ವಾರ, ಗಣಪತಿಗೆ ಎಷ್ಟು ದಿನ, ಮಗಳ ಬಾಣಂತನ ಯಾವಾಗ ಎಂದು ಕೇಳಿ. ಆಕೆಯ ಸೂಟಿಯ ದಿನಗಳನ್ನು ಪಗಾರ ಕಡಿಯದೆ ಮೊದಲು ಗುರುತು ಮಾಡಿ, ಒಂದೊಂದು ಚೌಕದಲ್ಲೂ ಅವತ್ತು ಬರುವ ಇನ್ನೊಬ್ಬಳ ಹೆಸರನ್ನು ಬರೆಯಿರಿ. ಆ ಇನ್ನೊಬ್ಬಳು ಸೂಟಿಗೆ ಒಂದು ವಾರ ಮೊದಲೇ ಬಂದು, ಮಂಚದ ಪಕ್ಕ ನಿಂತು, ಮಗ್ಗುಲು ಬದಲಿಸುವುದನ್ನು ಕಲಿತು ಹೋಗಲಿ.